ಗುಡ್ಡ ಇಳಿದ ಬಂದರೆ: ಒಂದು ಗೋಮಾಳದ ಪ್ರಕರಣ

ಚಿತ್ರದುರ್ಗದ ದಕ್ಷಿಣಕ್ಕೆ ಹಬ್ಬಿರುವ ಜೋಗಿಮಟ್ಟಿ ಗುಡ್ಡಸಾಲಿನ ತಪ್ಪಲಲ್ಲಿ ಒಂದು ಊರಿದೆ. ಹೆಸರು ಇಲ್ಲಿ ಬೇಡ, ಅಲ್ಲಿನ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಊರಿಗೂ ಗುಡ್ಡಕ್ಕೂ ನಡುವೆ ಇಳಿಜಾರಿನ ಗೋಮಾಳ. ಒಂದು ತಲೆಮಾರಿನ ಹಿಂದೆ ಅದು ಬರೀ ಹುಲ್ಲು. ಅಲ್ಲೊಂದು ಇಲ್ಲೊಂದು ಕಗ್ಗಲಿ, ಕಾರೆ ಪೊದೆ, ತಂಗಡಿ ಬಿಟ್ಟರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಈಗ ಅದರ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಎದೆಮಟ್ಟದ ಬಂದರೆ ಗಿಡ ನಿಂತಿದೆ. ಗುಡ್ಡದ ಮೇಲೆ, ಕಲ್ಲು ಸಂದಿಯಲ್ಲಿ, ದಿಂಡಿಗದ ಮರಗಳ ಬುಡದಲ್ಲಿ ಇರುತ್ತಿದ್ದ ಗಿಡ ಬಯಲಿಗೆ ಇಳಿದಿದೆ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವನು. 2022ರ ದೊಡ್ಡ ಮಳೆ ಮುಗಿದ ಮೇಲೆ ಆ ಊರಿನ ಗ್ರಾಮಸಭೆಯಲ್ಲಿ ಈ ಗಿಡದ ಬಗ್ಗೆ ಮಾತಿಗೆ ಮಾತು ಬೆಳೆದು, "ಯಾರಾದರೂ ತಿಳಿದವರು ಬಂದು ನೋಡಲಿ" ಅಂತ ಆಯಿತು. ಹಾಗಾಗಿ ಹೋದೆ. ಅಲ್ಲಿ ಕಂಡದ್ದು, ಆಮೇಲೆ ಮಾಡಿದ್ದು, ಇನ್ನೂ ಆಗದೆ ಉಳಿದದ್ದು ಇಲ್ಲಿದೆ.

ಸಭೆಯಲ್ಲಿ ಎರಡು ಪಕ್ಷ. ಕುರಿ ದನ ಇರುವವರದು ಒಂದೇ ಮಾತು: ಜೆಸಿಬಿ ತರಿಸಿ ಎಲ್ಲ ಕಿತ್ತುಹಾಕಿ. ಇನ್ನೊಂದು ಕಡೆ ಊರಿನ ಕೆಲವು ಹುಡುಗರು, ಅದರಲ್ಲೂ ಓದಿಕೊಂಡವರು. "ಬರಡಾಗಿದ್ದ ಜಾಗ ಹಸಿರಾಗಿದೆ. ನಮ್ಮದೇ ಕಾಡಿನ ಗಿಡ, ತಾನಾಗೇ ಬಂದಿದೆ. ಯಾಕೆ ಕೀಳಬೇಕು?" ಅಂತ ಅವರು. ಎರಡೂ ಕಡೆ ಸ್ವಲ್ಪ ನಿಜ ಇತ್ತು. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ಗಿಡ ಎಂಥದ್ದು

ಲಂಟಾನ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಮೂರೂ ಅಮೆರಿಕ ಖಂಡದ ಕಡೆಯಿಂದ ಬಂದವು. ಅವುಗಳ ಮೇಲೆ ಸಿಟ್ಟು ಮಾಡುವುದು ಸುಲಭ. ಬಂದರೆ ಹಾಗಲ್ಲ. ಇದು ನಮ್ಮ ಒಣ ಗುಡ್ಡಗಳದ್ದೇ ಗಿಡ. ಕೆಲವು ಕಡೆ ಬಂದುರಿಕೆ, ಹಂಗರಿಕೆ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಡೊಡೊನಿಯಾ ವಿಸ್ಕೋಸಾ. ಅಂಟುವಾಳದ ಕುಟುಂಬಕ್ಕೆ ಸೇರಿದ್ದು. ಭಾರತದಲ್ಲಿ ಮಾತ್ರ ಅಲ್ಲ, ಆಫ್ರಿಕ, ಆಸ್ಟ್ರೇಲಿಯ, ಅಮೆರಿಕ ಎಲ್ಲ ಕಡೆಯ ಬೆಚ್ಚನೆಯ ನಾಡುಗಳಲ್ಲೂ ಇದೆ.

ಎಳೆ ಎಲೆ ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ. ಆ ಅಂಟಿನಿಂದ ಬಿಸಿಲಲ್ಲಿ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಒಳಗಿನ ನೀರೂ ಬೇಗ ಆರುವುದಿಲ್ಲ. ಇದೇ ಅಂಟಿನ ದೆಸೆಯಿಂದ ದನ ಮೂಸಿ ಮುಂದೆ ಹೋಗುತ್ತದೆ. ಎಲ್ಲಕ್ಕೂ ಬಾಯಿ ಹಾಕುವ ಮೇಕೆ ಕೂಡ ಬೇರೆ ಏನೂ ಇಲ್ಲದಾಗ ಮಾತ್ರ ಒಂದೆರಡು ಬಾಯಿ ಕಚ್ಚುತ್ತದೆ. ಹೂವಿಗೆ ಎಸಳೇ ಇಲ್ಲ, ಪರಾಗ ಗಾಳಿಯಲ್ಲೇ ಹೋಗುತ್ತದೆ. ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇದು ಮುಂದೆ ನಮಗೆ ಕೆಲಸಕ್ಕೆ ಬಂತು.

ಕಾಯಿ ನೋಡಿದವರು ಮರೆಯುವುದಿಲ್ಲ. ಕಾಗದದಂಥ ಮೂರು ರೆಕ್ಕೆ, ಹಸಿರಿನಿಂದ ಕೆಂಪಿಗೆ ತಿರುಗಿ ಕೊನೆಗೆ ಒಣ ಕಂದು. ಗಾಳಿಗೆ ಹಾರುತ್ತದೆ, ನೀರಲ್ಲಿ ತೇಲುತ್ತದೆ, ನೆಲದ ಮೇಲೆ ಉರುಳುತ್ತದೆ. ಒಳಗಿನ ಕರಿ ಬೀಜದ ಸಿಪ್ಪೆ ಗಟ್ಟಿ. ಸುಮ್ಮನೆ ನೀರಲ್ಲಿ ಹಾಕಿದರೆ ಬಹಳಷ್ಟು ಬೀಜ ಉಬ್ಬುವುದೇ ಇಲ್ಲ. ಬಿಸಿನೀರಲ್ಲಿ ಅದ್ದಬೇಕು, ಇಲ್ಲವೇ ಉಜ್ಜಬೇಕು, ಇಲ್ಲವೇ ಬೆಂಕಿಯ ಕಾವು ತಗುಲಬೇಕು. ಹಾಗಾಗಿ ಈ ವರ್ಷ ಉದುರಿದ ಬೀಜವೆಲ್ಲ ಈ ವರ್ಷವೇ ಹುಟ್ಟುವುದಿಲ್ಲ. ಮಣ್ಣಲ್ಲಿ ಕಾದು ಕೂತಿರುತ್ತದೆ.

ಉಪಯೋಗ ಇಲ್ಲದ ಗಿಡವೂ ಅಲ್ಲ. ಉಳುಕಿದ ಕಾಲಿಗೆ ಸೊಪ್ಪು ಬಿಸಿ ಮಾಡಿ ಕಟ್ಟುತ್ತಾರೆ. ಚಪ್ಪರಕ್ಕೆ ಹೊದಿಸುತ್ತಾರೆ, ಕುರಿ ರೊಪ್ಪದ ಬೇಲಿಗೆ ಸೇರಿಸುತ್ತಾರೆ. ಕಟ್ಟಿಗೆ ಗಟ್ಟಿ, ಕುಡುಗೋಲಿನ ಹಿಡಿಗೆ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸೌದೆ. ಅಂಟು ಇರುವುದರಿಂದ ಅರೆಹಸಿ ಇದ್ದರೂ ಉರಿಯುತ್ತದೆ.

ಎಲ್ಲಿಂದ ಎಲ್ಲಿಗೆ ಬಂತು

ಮೊದಲು ತಿಳಿಯಬೇಕಾಗಿದ್ದು, ಇದು ನಿಜವಾಗಿ ಹಬ್ಬಿದ್ದೋ ಇಲ್ಲ ಮೊದಲಿಂದ ಇದ್ದದ್ದನ್ನೇ ಜನ ಈಗ ನೋಡುತ್ತಿದ್ದಾರೋ ಅಂತ. ನೆನಪನ್ನೇ ಪೂರ್ತಿ ನಂಬುವಂತಿಲ್ಲ. "ನಮ್ಮ ಕಾಲದಲ್ಲಿ ಹುಲ್ಲು ಆಳೆತ್ತರ ಇತ್ತು" ಅಂತ ಪ್ರತಿ ಊರಿನ ಅಜ್ಜಂದಿರೂ ಹೇಳುತ್ತಾರೆ. ಆದರೆ ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ತೆರೆದು ನೋಡಿದರೆ ವಿಷಯ ಸ್ಪಷ್ಟ. ಹಳೆಯ ಚಿತ್ರದಲ್ಲಿ ಗುಡ್ಡದ ಬುಡಕ್ಕೆ ಕಪ್ಪು ಚುಕ್ಕೆಗಳ ಅಂಚು ನಿಂತುಹೋಗುತ್ತದೆ. ವರ್ಷ ಮುಂದೆ ಹೋದ ಹಾಗೆ ಚುಕ್ಕೆಗಳು ಕೆಳಗೆ ಬರುತ್ತವೆ.

ನೆಲದ ಮೇಲೆ ನಡೆದಾಗ ಇನ್ನೂ ಚೆನ್ನಾಗಿ ಕಂಡಿತು. ಮೇಲ್ಗಡೆ ಬುಡ ದಪ್ಪ ಇರುವ ಹಳೆ ಗಿಡಗಳು. ನಡುವೆ ಎದೆಮಟ್ಟದವು. ಊರಿನ ಕಡೆಗೆ ಮೊಣಕಾಲೆತ್ತರದ ಎಳೆ ಗಿಡಗಳು, ಅವೂ ಎಲ್ಲ ಕಡೆ ಸಮನಾಗಿಲ್ಲ, ಗೆರೆ ಎಳೆದ ಹಾಗೆ ಸಾಲು ಸಾಲು. ಆ ಸಾಲುಗಳನ್ನು ಹಿಡಿದು ಹೋದರೆ ಉತ್ತರ ಸಿಕ್ಕಿತು. ಒಂದು ಸಾಲು ಇಳಿಜಾರಿಗೆ ಅಡ್ಡಲಾಗಿ ತೋಡಿದ ಹಳೆಯ ಟ್ರೆಂಚ್‌ನ ಮಣ್ಣಿನ ಮೇಲೆ. ಇನ್ನೊಂದು ಗಾಳಿಯಂತ್ರಕ್ಕೆ ಮಾಡಿದ ದಾರಿಯ ಎರಡೂ ಅಂಚಿಗೆ. ಮತ್ತೊಂದು ಹಳ್ಳದ ಉದ್ದಕ್ಕೆ. ಗೋಮಾಳದ ಪಕ್ಕದ ಪಾಳು ಹೊಲಗಳ ಬದುಗಳ ಮೇಲಂತೂ ಬೇಲಿ ಹಾಕಿದಷ್ಟು ಒತ್ತಾಗಿ. ರೆಕ್ಕೆಕಾಯಿ ಗಾಳಿಗೆ ಉರುಳಿ ಬಂದು ಎಲ್ಲಿ ತಡೆ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ, ಅಲ್ಲಿ ಮಣ್ಣು ಕೆದರಿದ್ದರೆ ಹುಟ್ಟುತ್ತದೆ. ಹುಲ್ಲು ದಟ್ಟವಾಗಿ ಉಳಿದಿದ್ದ ಒಂದು ಕಡೆ, ದೇವಸ್ಥಾನದ ಸುತ್ತ ಯಾರೂ ಮೇಯಿಸದ ಜಾಗದಲ್ಲಿ, ಬಂದರೆ ಕೈಬೆರಳಲ್ಲಿ ಎಣಿಸುವಷ್ಟೇ ಇತ್ತು. ನೂರು ಹೆಜ್ಜೆ ಆಚೆ ಬೀಜದ ಗಿಡಗಳಿದ್ದರೂ ಅಷ್ಟೇ. ನನಗೆ ಇಡೀ ಪ್ರಕರಣದಲ್ಲಿ ಬಹಳ ಮುಖ್ಯ ಅನಿಸಿದ ಜಾಗ ಅದು.

ಯಾಕೆ ಬಂತು

ಊರಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಹೆಚ್ಚು ಕಡಿಮೆ ಎಲ್ಲರ ಮಾತೂ ಸರಿಯಿತ್ತು.

ಸೌದೆಯ ವಿಷಯ ಹೇಳಿದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಸಭೆಯಲ್ಲಿ ಅವರು ಬಾಯಿ ಬಿಟ್ಟಿರಲಿಲ್ಲ, ಮನೆ ಜಗುಲಿ ಮೇಲೆ ಕೂತಾಗ ಹೇಳಿದರು. "ಮೇಷ್ಟ್ರೇ, ಆ ಗಿಡ ಬೆಳೆಯೋಕೆ ನಾವೆಲ್ಲಿ ಬಿಡ್ತಿದ್ವಿ? ಬೆಳಗ್ಗೆ ಎದ್ದು ಗುಡ್ಡ ಹತ್ತಿ, ಹೊರೆ ಕಟ್ಟಿ, ದುರ್ಗಕ್ಕೆ ನಡೆದು ಮಾರಿ ಬರ್ತಿದ್ವಿ. ಹೋಟ್ಲೋರು ಬಂದರೆ ಅಂದ್ರೆ ಸಾಕು, ತಗೊಳ್ತಿದ್ರು." ಊರಿನ ಹತ್ತಾರು ಮನೆಯ ಹೆಂಗಸರು ವರ್ಷವಿಡೀ ಬಂದರೆ ಕಡಿಯುತ್ತಿದ್ದರು. ಗುಡ್ಡದ ಬುಡದ್ದು ಹತ್ತಿರ, ಹಾಗಾಗಿ ಮೊದಲು ಅದಕ್ಕೇ ಕೊಡಲಿ. ಗಿಡ ಕಾಯಿ ಬಿಡುವಷ್ಟು ದೊಡ್ಡದಾಗುವ ಮುಂಚೆಯೇ ಹೊರೆಗೆ ಹೋಗುತ್ತಿತ್ತು. ಗೋಮಾಳವನ್ನು ಹುಲ್ಲಾಗಿ ಉಳಿಸಿದ್ದು ಈ ದುಡಿಮೆ. ಯಾವ ಇಲಾಖೆಯ ಕಡತದಲ್ಲೂ ಇದು ಇಲ್ಲ.

ಆಮೇಲೆ ಪೇಟೆಯ ಹೋಟೆಲುಗಳಿಗೆ ಗ್ಯಾಸ್ ಬಂತು, ಸೌದೆಗೆ ಗಿರಾಕಿ ಕಡಿಮೆಯಾಯಿತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಊರಿನ ಮನೆಗಳಿಗೂ ಸಿಲಿಂಡರ್ ಬಂತು. ಇದು ಒಳ್ಳೆಯದೇ, ಆ ಹೆಂಗಸರ ಕತ್ತು ಬೆನ್ನು ಉಳಿಯಿತು. ಸಿಲಿಂಡರ್ ದುಬಾರಿ ಆದಾಗ ಕೆಲವರು ಮತ್ತೆ ಒಲೆಗೆ ಬಂದರು ನಿಜ, ಆದರೆ ಈಗ ಗುಡ್ಡಕ್ಕೆ ಯಾರು ಹೋಗುತ್ತಾರೆ? ಕೆರೆ ಅಂಗಳದಲ್ಲೇ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಪರದೇಶದ ಮುಳ್ಳುಗಿಡ ಒಲೆಗೆ ಹೋಗಿ ನಮ್ಮ ಬಂದರೆಯನ್ನು ಕೊಡಲಿಯಿಂದ ಬಚಾವು ಮಾಡಿದೆ. ಹೀಗೂ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಎರಡನೆಯದು ಮೇವು. ಊರಲ್ಲಿ ನಾಟಿ ದನ ಕಡಿಮೆಯಾಗಿ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆ ಹಸು ಬಂದವು. ಕುರಿ ಜಾಸ್ತಿಯಾದವು. ದನ ನಾಲಿಗೆ ಸುತ್ತಿ ಹುಲ್ಲನ್ನು ಎಳೆದು ತಿನ್ನುತ್ತದೆ, ಬುಡದಲ್ಲಿ ಸ್ವಲ್ಪ ಉಳಿಯುತ್ತದೆ. ಕುರಿ ನೆಲಕ್ಕೆ ಬಾಯಿ ಹಚ್ಚಿ ಕತ್ತರಿಸುತ್ತದೆ. ಬೇಸಿಗೆಯಲ್ಲಿ ಬೇರೆ ಕಡೆಯ ಮಂದೆಗಳೂ ಬರುತ್ತವೆ. ಚಳ್ಳಕೆರೆ ಕಡೆ ಅಮೃತ ಮಹಲ್ ಕಾವಲಿನ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಗಿ ಬೇಲಿ ಬಿದ್ದ ಮೇಲೆ ಮೇಯುವ ಜಾಗ ಜಿಲ್ಲೆಯಲ್ಲೇ ಕಡಿಮೆಯಾಗಿದೆ. ಉಳಿದ ಗೋಮಾಳಗಳ ಮೇಲೆ ಒತ್ತಡ ಬೀಳದೆ ಇರುತ್ತದೆಯೇ? ಹುಲ್ಲಿನ ಹೊದಿಕೆ ಹರಿದು ಬರಿನೆಲ ಕಂಡರೆ ಬಂದರೆ ಬೀಜಕ್ಕೆ ಅದೇ ಬೇಕು. ಹುಟ್ಟಿದ ಮೇಲೆ ಯಾರೂ ತಿನ್ನುವುದಿಲ್ಲ. ಪಕ್ಕದ ಹುಲ್ಲನ್ನು ಮಾತ್ರ ತಿಂದು ಅದಕ್ಕೆ ಜಾಗ ಮಾಡಿಕೊಡುತ್ತವೆ.

ಬೆಂಕಿಯ ಬಗ್ಗೆ ಇಬ್ಬರು ನನ್ನ ಎದುರಿಗೇ ವಾದ ಮಾಡಿದರು. ಕುರಿ ಕಾಯುವ ಅಜ್ಜ: "ಮುಂಚೆ ಬ್ಯಾಸಿಗ್ಯಾಗೆ ಒಣಹುಲ್ಲಿಗೆ ಬೆಂಕಿ ಬೀಳೋದು, ಸಣ್ಣ ಬಂದರೆ ಎಲ್ಲ ಸುಟ್ಟೋಗೋದು. ಈಗ ಬೆಂಕಿನೇ ಇಲ್ಲ, ಅದಕ್ಕೇ ಬಂದೈತೆ." ಅರಣ್ಯ ಇಲಾಖೆಯ ಗಾರ್ಡ್: "ಇಲ್ಲ ಅಜ್ಜ, ಬೆಂಕಿ ಬಿದ್ದ ಜಾಗದಲ್ಲೇ ಮುಂದಿನ ಮಳೆಗೆ ಬಂದರೆ ಮೊಳಕೆ ಜಾಸ್ತಿ. ನಾನು ವರ್ಷಾ ನೋಡ್ತೀನಿ." ಇಬ್ಬರೂ ನೋಡಿದ್ದನ್ನೇ ಹೇಳಿದ್ದರು. ಬೆಂಕಿ ಎಳೆ ಗಿಡವನ್ನು ಸುಡುತ್ತದೆ, ಹಾಗೆಯೇ ಮಣ್ಣಿನ ಬೀಜದ ಗಟ್ಟಿ ಸಿಪ್ಪೆಯನ್ನು ಒಡೆದು ಹುಟ್ಟಿಸುತ್ತದೆ. ಮೇಲಿಂದ ಮೇಲೆ ಬೆಂಕಿ ಬೀಳುವ ಹುಲ್ಲುಗಾವಲಲ್ಲಿ ಹುಟ್ಟಿದ್ದೂ ಮತ್ತೆ ಸಾಯುತ್ತದೆ. ಒಮ್ಮೆ ಬಿದ್ದು ಆಮೇಲೆ ಹತ್ತು ವರ್ಷ ಬೀಳದಿದ್ದರೆ ಹುಟ್ಟಿದ್ದೆಲ್ಲ ಗಿಡ. ಈ ಗೋಮಾಳದಲ್ಲಿ ಬೆಂಕಿ ಹರಿಯಲು ಬೇಕಾದಷ್ಟು ಹುಲ್ಲೇ ಉಳಿದಿಲ್ಲ. ಹಾಗಾಗಿ ಆ ವಾದ ಈಗ ಹಳೆ ಮಾತು.

ಪಾಳು ಹೊಲಗಳ ಕಥೆ ಈ ಜಿಲ್ಲೆಯ ಎಲ್ಲರಿಗೂ ಗೊತ್ತಿರುವುದೇ. ಶೇಂಗಾ ಕೈಕೊಟ್ಟಿತು, ಬೋರ್‌ವೆಲ್ ಬತ್ತಿತು, ಮನೆಯವರು ಬೆಂಗಳೂರಿಗೆ ಹೋದರು. ಉಳುಮೆ ನಿಂತ ಹೊಲದಲ್ಲಿ ಮೊದಲು ಬಂದು ನಿಲ್ಲುವ ಗಿಡಗಳಲ್ಲಿ ಬಂದರೆಯೂ ಒಂದು.

ಕೊನೆಗೆ ಮಳೆ. 2022ರಲ್ಲಿ ಇಲ್ಲಿ ಸುರಿದದ್ದು ಸಾಮಾನ್ಯ ಮಳೆಯಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ಮಣ್ಣಲ್ಲಿ ಕಾದಿದ್ದ ಬೀಜಕ್ಕೆ ತಿಂಗಳುಗಟ್ಟಲೆ ತೇವ ಸಿಕ್ಕಿತು. ಊರಿನ ಕಡೆಯ ಮೊಣಕಾಲೆತ್ತರದ ಗಿಡಗಳೆಲ್ಲ ಆ ವರ್ಷದ ಪೈರು ಅಂತ ನನ್ನ ಅಂದಾಜು. ಜನ ಗಾಬರಿ ಆದದ್ದೂ ಅವನ್ನು ನೋಡಿಯೇ. ಆದರೆ ನೆಲ ಸಿದ್ಧವಾಗಿದ್ದು ಅದಕ್ಕೂ ಬಹಳ ಹಿಂದೆ.

ಇದೇ ಗಿಡದ ಇದೇ ಕಥೆ ಆಸ್ಟ್ರೇಲಿಯದಲ್ಲಿ ನಡೆದು ನೂರು ವರ್ಷದ ಮೇಲಾಯಿತು. ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ಒಣ ಭಾಗಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಲೆಕ್ಕವಿಲ್ಲದಷ್ಟು ಕುರಿ ಹೋದವು. ಹುಲ್ಲು ಸವೆಯಿತು, ಮೊಲಗಳ ಕಾಟ, ಅದರ ಮೇಲೆ ದೊಡ್ಡ ಬರ. ಅಲ್ಲಿನ ಗುತ್ತಿಗೆ ರೈತರ ಪಾಡು ವಿಚಾರಿಸಲು ಕೂತ 1901ರ ರಾಯಲ್ ಕಮಿಷನ್, ಕಷ್ಟದ ಕಾರಣಗಳಲ್ಲಿ ದನಕುರಿ ತಿನ್ನದ ಕುರುಚಲು ಗಿಡಗಳನ್ನೂ ಸೇರಿಸಿತು. ಆ ಕುರುಚಲಲ್ಲಿ ನಮ್ಮ ಬಂದರೆಯ ಸಣ್ಣೆಲೆಯ ತಳಿಯೂ ಇದೆ. ಅಲ್ಲೂ ಅದು ಪರದೇಶಿ ಅಲ್ಲ, ಅಲ್ಲಿಯದೇ. ಈಗಲೂ ಅಲ್ಲಿನ ಸರ್ಕಾರ ಅದನ್ನು ಹಬ್ಬುವ ಸ್ಥಳೀಯ ಗಿಡಗಳ ಪಟ್ಟಿಯಲ್ಲಿ ಇಟ್ಟಿದೆ. ಸಭೆಯಲ್ಲಿ ಇದನ್ನು ಹೇಳಿದಾಗ ಓದಿದ ಹುಡುಗರು ಮೊದಲ ಸಲ ಸುಮ್ಮನೆ ಕೇಳಿದರು.

ಹೋದದ್ದು, ಬಂದದ್ದು

ಹೋದದ್ದರಲ್ಲಿ ಮೊದಲನೆಯದು ಹುಲ್ಲು. ಊಬಿನ ಹುಲ್ಲು, ಕರಡ, ಪೊರಕೆಗೆ ತರುತ್ತಿದ್ದ ಹಂಚಿಕಡ್ಡಿ ಎಲ್ಲ ಬಂದರೆಯ ನಡುವೆ ಚೂರುಪಾರು. ಬಂದರೆ ಒತ್ತಾಗಿರುವ ಕಡೆ ಬುಡದಲ್ಲಿ ಬರಿಮಣ್ಣು, ಮೇಲೆ ಒಣ ಎಲೆ. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿ ಜಾತಿಯ ಹಕ್ಕಿಗಳಿಗೆ ಬಯಲು ಬೇಕು, ಅವು ದೇವಸ್ಥಾನದ ಹುಲ್ಲಿನ ಕಡೆ ಮಾತ್ರ ಕಂಡವು. ಕೃಷ್ಣಮೃಗ ಇಲ್ಲಿಗೆ ಬರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ದೂರದವರೆಗೆ ಕಣ್ಣು ಹರಿಯದ ಜಾಗದಲ್ಲಿ ಆ ಪ್ರಾಣಿ ನಿಲ್ಲುವುದಿಲ್ಲ.

ಬಂದದ್ದೂ ಇದೆ. ಗೌಜಲ ಹಕ್ಕಿ, ಮೊಲ ಜಾಸ್ತಿಯಾಗಿವೆ. ಮೇಲಿನ ಕಡಿದಾದ ಇಳಿಜಾರಲ್ಲಿ ಬಂದರೆ ಬೇರು ಮಣ್ಣು ಹಿಡಿದಿದೆ, ಮಳೆ ನೀರು ಕೆಂಪಾಗಿ ಹರಿಯುವುದು ಕಡಿಮೆ. ಅದರ ನೆರಳಲ್ಲಿ ಕೆಲವು ಕಡೆ ದಿಂಡಿಗ, ಕಗ್ಗಲಿ ಸಸಿ ಎದ್ದಿರುವುದನ್ನು ನಾನೇ ನೋಡಿದೆ. ಕುರುಚಲು ಕಾಡಿಗೆ ತನ್ನದೇ ಬೆಲೆ ಇದೆ. ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 77.23 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕೊಂಡುಕುರಿಗೋಸ್ಕರವೇ ವನ್ಯಧಾಮ ಮಾಡಿದರು. ಆ ನಾಕು ಕೊಂಬಿನ ಸಣ್ಣ ಪ್ರಾಣಿಗೆ ಅಡಗಲು ಪೊದೆ ಬೇಕು. ಗುಡ್ಡದ ಮೇಲಿನ ಬಂದರೆಯನ್ನು ಕಳೆ ಅಂತ ಕರೆದರೆ ಅದರ ಮನೆ ಕಿತ್ತ ಹಾಗೆ.

ಊರಿನವರ ದೊಡ್ಡ ಭಯ ಕರಡಿ. ಮೊದಲು ಕರಡಿ ಗುಡ್ಡದಿಂದ ಇಳಿದರೆ ಬಯಲಲ್ಲಿ ಕಾಣುತ್ತಿತ್ತು. ಈಗ ಹೊಲದ ಬದುವಿನ ತನಕ ಮರೆಯಲ್ಲೇ ಬರಬಹುದು. ಮುಂಜಾನೆ ಬಯಲಿಗೆ ಹೋಗುವ ಹೆಂಗಸರು, ಹೊಲಕ್ಕೆ ನೀರು ಕಟ್ಟಲು ಹೋಗುವವರು ಇದನ್ನು ಮೇವಿಗಿಂತ ಮೊದಲು ಹೇಳಿದರು.

ಇನ್ನೊಂದು ನಷ್ಟ ಕಾಗದದಲ್ಲಿ ಆಗುವಂಥದ್ದು. ಅದನ್ನು ಗಮನಿಸಿದ್ದು ಊರಿನ ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗರು. ಕರ್ನಾಟಕದ ಭೂಕಂದಾಯ ನಿಯಮಗಳಲ್ಲಿ ಗೋಮಾಳದ ಲೆಕ್ಕ ದನದ ಲೆಕ್ಕಕ್ಕೆ ಕಟ್ಟಿದ್ದು: ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ದನ ಕಡಿಮೆ ಆಗಿ, ಇರುವ ಜಾಗವೂ ಪೊದೆ ತುಂಬಿ ಯಾರೂ ಮೇಯಿಸದ ಹಾಗಾದರೆ "ಹೆಚ್ಚುವರಿ" ಅಂತ ಬರೆಯುವುದು ಸುಲಭ. ಆಮೇಲೆ ಬೇರೆ ಯಾವುದಕ್ಕೋ ಮಂಜೂರು. ಕಾಡಿನ ಲೆಕ್ಕದಲ್ಲೂ ಇದಕ್ಕೆ ಮರ್ಯಾದೆ ಇಲ್ಲ. ಮರದ ನೆರಳು ಶೇ 10ಕ್ಕಿಂತ ಕಡಿಮೆ ಇದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಅದನ್ನು ಕುರುಚಲು ಅಂತ ಬೇರೆ ಇಡುತ್ತದೆ, ಕಾಡಿನ ಹೊದಿಕೆಗೆ ಸೇರಿಸುವುದಿಲ್ಲ. ಹುಲ್ಲೂ ಇಲ್ಲ, ಕಾಡೂ ಇಲ್ಲ. "ಹಸಿರಾಗಿದೆ ಬಿಡಿ" ಅನ್ನುವವರಿಗೆ ಲೆಕ್ಕಿಗರು ಕೊಟ್ಟ ಈ ಉತ್ತರದಷ್ಟು ಗಟ್ಟಿ ಉತ್ತರ ನನ್ನ ಹತ್ತಿರ ಇರಲಿಲ್ಲ.

ಏನು ಮಾಡಬಾರದು ಅಂತ ಮೊದಲು ತೀರ್ಮಾನ

ಜೆಸಿಬಿ ಬೇಡ ಅನ್ನಲು ಪಾಠ ಊರಲ್ಲೇ ಇತ್ತು. ಒಬ್ಬ ರೈತರು ಎರಡು ವರ್ಷ ಮುಂಚೆ ತಮ್ಮ ಪಾಳು ಹೊಲದ ಬಂದರೆಯನ್ನು ಬುಡಸಮೇತ ಎತ್ತಿಸಿದ್ದರು. ಬಿತ್ತನೆ ಮಾಡಲು ಆಗಲಿಲ್ಲ. ಕೆದರಿದ ಮಣ್ಣಲ್ಲಿ ಮುಂದಿನ ಮಳೆಗೆ ಬಂದರೆ ಮೊದಲಿಗಿಂತ ಒತ್ತಾಗಿ ಎದ್ದಿತು, ಜೊತೆಗೆ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಬೋನಸ್. ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದೆವು. ನರೇಗಾದಲ್ಲಿ ಮಾಡುವುದಾದರೆ ಕೂಲಿಯವರ ಬದಲು ಯಂತ್ರ ಇಳಿಸುವಂತೆಯೂ ಇರಲಿಲ್ಲ. ಆ ಚರ್ಚೆ ಅಲ್ಲಿಗೆ ಮುಗಿಯಿತು.

ಕಳೆನಾಶಕದ ಮಾತು ಒಬ್ಬರು ತೆಗೆದರು. ಹಳ್ಳ ಹೋಗಿ ಕೆರೆಗೆ ಸೇರುತ್ತದೆ, ಕುರಿ ಅದೇ ನೀರು ಕುಡಿಯುತ್ತವೆ ಅಂತ ಕುರಿಯವರೇ ಬೇಡ ಅಂದರು. ಬೆಂಕಿ ಹಾಕುವುದು ಕಾನೂನಿಗೆ ವಿರೋಧ, ಮೇಲೆ ಮೀಸಲು ಅರಣ್ಯ ಇದೆ, ಸಾಲದ್ದಕ್ಕೆ ಬೀಜ ಒಡೆಯುತ್ತದೆ.

ಒಬ್ಬ ಇಟ್ಟಿಗೆ ಗೂಡಿನ ಗುತ್ತಿಗೆದಾರ ಬಂದು, ಎಲ್ಲ ಕಡಿದು ಲಾರಿಗೆ ಹಾಕಿಕೊಂಡು ಹೋಗುತ್ತೇನೆ, ಪಂಚಾಯ್ತಿಗೆ ದುಡ್ಡೂ ಕೊಡುತ್ತೇನೆ ಅಂದ. ಬಿಟ್ಟಿ ಕೆಲಸ, ಮೇಲೆ ಕಾಸು. ಅರ್ಧ ಸಭೆ ಒಪ್ಪಿತ್ತು. ನಾನು ವಿರೋಧಿಸಿದೆ, ಇವತ್ತಿಗೂ ಅದು ಸರಿ ಅಂತಲೇ ನನ್ನ ಲೆಕ್ಕ. ಗೂಡಿಗೆ ವರ್ಷ ವರ್ಷ ಸೌದೆ ಬೇಕು. ಗೋಮಾಳದ್ದು ಮುಗಿದ ಮೇಲೆ ಲಾರಿ ಗುಡ್ಡ ಹತ್ತುತ್ತದೆ, ಆಗ ದಿಂಡಿಗವೂ ಬಂದರೆಯ ಲೆಕ್ಕದಲ್ಲೇ ಹೋಗುತ್ತದೆ.

ಗೆರೆ ಎಳೆದದ್ದು

ಗೋಮಾಳದ ನಡುವೆ ಒಂದು ಹಳೆ ಬಂಡಿ ಜಾಡು ಹಾದುಹೋಗುತ್ತದೆ. ಅದನ್ನೇ ಗೆರೆ ಮಾಡಿದೆವು. ಜಾಡಿನಿಂದ ಮೇಲೆ ಬಂದರೆ ಇರಲಿ, ಮುಟ್ಟುವುದು ಬೇಡ. ಹಳ್ಳದ ಎರಡೂ ದಡದಲ್ಲಿ ಇರಲಿ, ಮಣ್ಣು ಕೊಚ್ಚದಿರಲಿ. ಜಾಡಿನಿಂದ ಕೆಳಗೆ, ಊರಿನ ತನಕ, ಹುಲ್ಲಿಗೆ ಬಿಡಬೇಕು. ಹುಡುಗರಿಗೆ ಗುಡ್ಡದ ಕಡೆ ಸಿಕ್ಕಿತು, ಕುರಿಯವರಿಗೆ ಊರಿನ ಕಡೆ. ಕರಡಿಗೂ ಊರಿಗೂ ನಡುವೆ ಬಯಲು ಸಿಕ್ಕಿತು.

ಕೆಲಸದ ಕ್ರಮ ಹೀಗೆ. ದೊಡ್ಡ ಗಿಡಗಳನ್ನು ಕಾಯಿ ಒಣಗುವ ಮುಂಚೆ ನೆಲಮಟ್ಟಕ್ಕೆ ಕಡಿಯುವುದು. ಮೊದಲು ಹೆಣ್ಣು ಗಿಡ, ಯಾಕೆಂದರೆ ಬೀಜ ಅದರಲ್ಲೇ. ಕಾಯಿ ಹಿಡಿದಾಗ ದೂರದಿಂದಲೇ ಗುರುತು ಸಿಗುತ್ತದೆ. ಬೇರು ಅಗೆಯುವಂತಿಲ್ಲ, ಮಣ್ಣು ಕೆದರಬಾರದು. ಸಣ್ಣ ಸಸಿಗಳನ್ನು ಒಳ್ಳೆ ಮಳೆ ಬಿದ್ದ ಮಾರನೇ ದಿನ ಕೈಯಲ್ಲಿ ಕೀಳುವುದು. ದಪ್ಪ ಕಡ್ಡಿ ಸೌದೆಗೆ, ಬೇಕಾದವರು ಹೊರೆ ಕಟ್ಟಿಕೊಂಡು ಹೋಗಬಹುದು, ಜಾತ್ರೆಯ ಅಡುಗೆಗೂ ಒಂದಿಷ್ಟು. ಸೊಪ್ಪಿನ ಕೊಂಬೆಗಳನ್ನು ಮಾತ್ರ ಒಯ್ಯುವಂತಿಲ್ಲ. ಅವನ್ನು ಅಲ್ಲೇ ಬರಿನೆಲದ ಮೇಲೆ ಹರಡಬೇಕು.

ಈ ಕೊನೆಯದು ಆ ಕುರಿ ಅಜ್ಜನ ಉಪಾಯ. "ಬಂದರೆ ಮೇಲೆ ಕುರಿ ಬಾಯಿ ಹಾಕಲ್ಲ. ಕೊಂಬೆ ಹಾಸಿದ್ರೆ ಅದರ ಸಂದ್ಯಾಗೆ ಹುಲ್ಲು ಹುಟ್ಟಿದ್ರೂ ಉಳೀತೈತೆ." ಬೇಲಿಗೆ ದುಡ್ಡಿಲ್ಲದ ಕಡೆ ಇದಕ್ಕಿಂತ ಒಳ್ಳೆ ಬೇಲಿ ಎಲ್ಲಿ ಸಿಗಬೇಕು? ದೇವಸ್ಥಾನದ ಜಾಗದಿಂದ ಶಾಲೆ ಮಕ್ಕಳು ಊಬಿನ ಹುಲ್ಲಿನ ತೆನೆ ತಂದು ಆ ಕೊಂಬೆಗಳ ಕೆಳಗೆ ಚೆಲ್ಲಿದರು. ಊಬು ತಾನೇ ತಿರುಚಿಕೊಂಡು ಮಣ್ಣಿಗೆ ಇಳಿಯುತ್ತದೆ, ಹೂಳುವ ಕೆಲಸವೂ ಇಲ್ಲ.

ಬರ, ಆಮೇಲೆ ಮಳೆ

ಕಡಿಯುವ ಕೆಲಸ 2023ರ ಶುರುವಿನಲ್ಲೇ ನಡೆಯಿತು. ಮುಂಗಾರಿಗೆ ಸಸಿ ಕೀಳುವುದು ಅಂತ ಕಾದೆವು. ಆ ವರ್ಷ ಮಳೆಯೇ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚು ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ. ಗಟ್ಟಿ ನೆಲದಿಂದ ಸಸಿ ಕಿತ್ತರೆ ಕಾಂಡ ತುಂಡಾಗಿ ಕೈಗೆ ಬರುತ್ತಿತ್ತು, ಬೇರು ಒಳಗೇ. ನಿಲ್ಲಿಸಿದೆವು. ಕಡಿದ ಬುಡಗಳಲ್ಲಿ ಕೆಲವು ಒಣಗಿದವು, ಕೆಲವು ಆ ಬರದಲ್ಲೂ ಚಿಗುರಿದವು. ಚೆಲ್ಲಿದ ಹುಲ್ಲು ಅಷ್ಟಾಗಿ ಏಳಲಿಲ್ಲ. "ಇಷ್ಟೆಲ್ಲ ಮಾಡಿ ಏನಾಯ್ತು?" ಅಂತ ಕೇಳಿದವರಿಗೆ ಹೇಳಲು ಏನೂ ಇರಲಿಲ್ಲ. ಹುಲ್ಲು ಸತ್ತ ಜಾಗದಲ್ಲಿ ಬಂದರೆ ಮಾತ್ರ ಹಸಿರಾಗಿ ನಿಂತಿತ್ತು. ಅದರ ಬೇರು ಹುಲ್ಲಿಗೆ ಸಿಗದ ಆಳದ ತೇವ ಹೀರುತ್ತದೆ. ಆಸ್ಟ್ರೇಲಿಯದ ಬರದಲ್ಲೂ ಹೀಗೇ ಆಗಿದ್ದಿರಬೇಕು ಅಂತ ನನಗೆ ಆಗ ಅನಿಸಿತು.

2024ರ ಮಳೆ ಚೆನ್ನಾಗಿತ್ತು. ಆಗ ಒಂದು ವಾರ ಇಡೀ ಊರು ಸಸಿ ಕಿತ್ತಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಂದವರು ಬಂದರು, ಬಾರದವರು ಬರಲಿಲ್ಲ. ಕುರಿಯವರು, ಸ್ವಸಹಾಯ ಸಂಘದ ಕೆಲವು ಹೆಂಗಸರು, ಶಾಲೆಯ ದೊಡ್ಡ ಮಕ್ಕಳು. ಆದರೂ ಜಾಡಿನ ಕೆಳಗಿನ ಬಹುಪಾಲು ಎಳೆ ಗಿಡ ಹೋಯಿತು. ಚಿಗುರಿದ ಬುಡಗಳನ್ನು ಮತ್ತೆ ಕಡಿದರು. ಕೊಂಬೆ ಹಾಸಿದ ಕಡೆ ಊಬಿನ ಹುಲ್ಲು ಕಟ್ಟುಕಟ್ಟಾಗಿ ಎದ್ದಿತು. ಬರ ಕಂಡ ವರ್ಷ ಸತ್ತಿದೆ ಅಂದುಕೊಂಡ ಬೀಜ ಕೆಳಗೇ ಇತ್ತು. ಕೊಂಬೆ ಹಾಸದೆ ಬಿಟ್ಟ ಕಡೆ ಕುರಿ ಹಲ್ಲಿಗೆ ಸಿಕ್ಕದ್ದು ಏನೂ ಉಳಿಯಲಿಲ್ಲ.

ಕಷ್ಟದ ಕೆಲಸ ಗಿಡದ್ದಲ್ಲ, ಕುರಿಯದ್ದು. ಮಳೆಗಾಲದ ಮೂರು ತಿಂಗಳು ಗೋಮಾಳದ ಒಂದು ಭಾಗಕ್ಕೆ ಮಂದೆ ಬಿಡಬಾರದು ಅಂತ ಸಭೆ ಒಪ್ಪಿತ್ತು. ಊರಿನವರು ಹೆಚ್ಚುಕಮ್ಮಿ ಪಾಲಿಸಿದರು. ಹೊರಗಿನ ಮಂದೆಯವರಿಗೆ ಹೇಳುವವರು ಯಾರು? ಅವರೂ ಬಡವರೇ, ಅವರ ಜಾಗವೂ ಹೋಗಿದೆ. ಒಂದು ಸಲ ಕೈಕೈ ಮಿಲಾಯಿಸುವ ತನಕ ಹೋಯಿತು. ಕೊನೆಗೆ ಅವರಿಗೆ ಜಾಡಿನ ಮೇಲ್ಗಡೆ ದಾರಿ, ಕೆರೆಯಲ್ಲಿ ನೀರು ಅಂತ ಒಪ್ಪಂದ ಆಗಿದೆ. ಬಾಯಿಮಾತಿನ ಒಪ್ಪಂದ, ಬರೆದದ್ದೇನಿಲ್ಲ. ಒಂದು ಬರ ಬಂದರೆ ನಿಲ್ಲುತ್ತದೋ ಇಲ್ಲವೋ.

ಮಣ್ಣಿನ ಒಳಗಿನ ಬೀಜ ಇನ್ನೂ ಮುಗಿದಿಲ್ಲ. ಪ್ರತಿ ಒಳ್ಳೆ ಮಳೆಗೂ ಒಂದಿಷ್ಟು ಹುಟ್ಟುತ್ತಿದೆ. ಹುಲ್ಲು ಕೂಡಿಕೊಂಡ ಕಡೆ ಕಡಿಮೆ, ಟ್ರೆಂಚ್ ಮಣ್ಣಿನ ಮೇಲೆ ಜಾಸ್ತಿ. ಹೊಸ ಟ್ರೆಂಚ್ ತೋಡುವ ಒಂದು ಪ್ರಸ್ತಾವ ಪಂಚಾಯ್ತಿಗೆ ಬಂದಾಗ ಪಿಡಿಒ ಅದನ್ನು ಗೋಮಾಳದಿಂದ ಕೆರೆಯ ಮೇಲ್ಗಡೆಗೆ ಬದಲಾಯಿಸಿದರು. ನಾನು ಕೇಳದೆಯೇ ಮಾಡಿದ್ದು, ಖುಷಿ ಆಯಿತು.

ಈಗ ತಲೆನೋವು ಖಾಸಗಿ ಪಾಳು ಹೊಲಗಳದ್ದು. ಗೋಮಾಳದ ಗಾಳಿ ಬರುವ ಬದಿಗೇ ಅವು ಇವೆ. ಬದುಗಳ ಮೇಲೆ ನಿಂತ ಹೆಣ್ಣು ಗಿಡಗಳು ವರ್ಷ ವರ್ಷ ಬೀಜ ಕಳಿಸುತ್ತವೆ. ಮಾಲೀಕರು ಊರಲ್ಲಿಲ್ಲ. ಲೆಕ್ಕಿಗರು ನಂಬರ್ ಹುಡುಕಿ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಒಬ್ಬರು "ಕಡೀರಪ್ಪ, ಆದ್ರೆ ಮೂಲೇಲಿರೋ ಬೇವಿನ ಮರ ಮುಟ್ಟಬೇಡಿ" ಅಂದರು. ಇನ್ನೊಬ್ಬರಿಗೆ ಜಾಗ ಕಬಳಿಸುತ್ತಾರೆ ಅಂತ ಅನುಮಾನ, ಊರಿಗೆ ಬಂದಾಗ ನೋಡೋಣ ಅಂದಿದ್ದಾರೆ. ಉಳಿದವರು ಫೋನ್ ಎತ್ತಿಲ್ಲ. ಒಪ್ಪಿಗೆ ಕೊಟ್ಟವರ ಬದುಗಳ ಮೇಲಿನ ಹೆಣ್ಣು ಗಿಡಗಳನ್ನು ಕಾಯಿ ಕಂದಾಗುವ ಮುಂಚೆ, ಶಿವರಾತ್ರಿಯ ಒಳಗೆ, ಕಡಿದು ಮುಗಿಸಬೇಕು ಅಂತ ಮಾತಾಗಿದೆ. ಕೊಡಲಿ ಹಿಡಿಯುವವರು ಸಾಕಷ್ಟಿದ್ದಾರೆ. ಕಡಿದ ಸೌದೆ ಹೊಲದವರಿಗೋ ಊರಿಗೋ ಅನ್ನುವುದೊಂದು ಬಗೆಹರಿದಿಲ್ಲ.